ಗುಲಾಬಿಗೆ ತಿರುಗಿದ ನೀರು

ನೀರು ಗುಲಾಬಿ ಬಣ್ಣಕ್ಕೆ ತಿರುಗಿತು.

ಪ್ರೊಫೆಸರ್ ಗಾಜಿನ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಇನ್ನೊಂದು ಬಾಟಲಿಯಿಂದ ನೀರು ತೆಗೆದು ಅದಕ್ಕೂ ಅದೇ ಪರೀಕ್ಷೆಯ ಪುಡಿ ಹಾಕಿದರು. ಅದೂ ಗುಲಾಬಿ. ಉಳಿದ ಬಾಟಲಿಗಳದ್ದೂ ಅದೇ ಕಥೆ.

"ಹೀಗಾಗೋಕೆ ಸಾಧ್ಯವೇ ಇಲ್ಲ," ಎಂದರು.

ಪ್ರಯೋಗಾಲಯದಲ್ಲಿ ಇನ್ನೂ ಮೂವರಿದ್ದರು. ಬಾಗಿಲಿಗೆ ಒರಗಿ ನಿಂತಿದ್ದವರು ಇನ್ಸ್‌ಪೆಕ್ಟರ್. ಕಡಿಮೆ ಮಾತಿನ, ದಪ್ಪ ಕನ್ನಡಕದ ಹೆಂಗಸು. ಫ್ರಿಜ್ಜಿನ ಪಕ್ಕ ಇಬ್ಬರು ವಿದ್ಯಾರ್ಥಿಗಳು. ಉದ್ದನೆಯ ಹುಡುಗನನ್ನು ಇಡೀ ವಿಭಾಗ 'ಜಿರಾಫೆ' ಎನ್ನುತ್ತಿತ್ತು. ಗಿಡ್ಡ ಹುಡುಗಿ 'ಇರುವೆ'. ತನಗಿಂತ ದೊಡ್ಡದಾಗಿ ಕಾಣುವ, ನೀರಿನ ಬಾಟಲಿಗಳ ಐಸ್ ಡಬ್ಬವನ್ನು ಹೆಗಲಿಗೆ ಹಾಕಿಕೊಂಡು ಓಣಿ ಓಣಿ ಸುತ್ತುತ್ತಿದ್ದಳೆಂದು ಬಿದ್ದ ಹೆಸರು.

ಈಗ ಆ ಇರುವೆಯ ಮೇಲೆ ದೂರು ಬಂದಿತ್ತು.

ಪೇಟೆಯ ತಗ್ಗಿನಲ್ಲಿ, ನೀರಿನ ಪೈಪು ಮುಗಿಯುವ ಕಡೆ ಒಂದು ಓಣಿ. ಅಲ್ಲಿನ ಮಕ್ಕಳಿಗೆ ಪದೇ ಪದೇ ವಾಂತಿ, ಭೇದಿ. ಪ್ರೊಫೆಸರರ ತಂಡ ಅದರ ಅಧ್ಯಯನಕ್ಕೆ ಇಳಿದಿತ್ತು. ಮೊದಲ ಸಲ ತಂದ ನೀರಿನಲ್ಲಿ ರೋಗಾಣು ಸಿಕ್ಕಿತ್ತು. ಕುದಿಸದೆ ಕುಡಿಯಬೇಡಿ ಎಂದು ಮನೆ ಮನೆಗೆ ಸಾರಿದ್ದರು. ಎರಡನೆಯ ಸಲ, ಈ ಬಾಟಲಿಗಳಲ್ಲಿ, ನೀರು ತಂದವಳು ಇರುವೆ. ಫಲಿತಾಂಶ: ಒಂದು ರೋಗಾಣುವೂ ಇಲ್ಲ. ಸೂಚನೆ ವಾಪಸಾಯಿತು. ಜನ ನೆಮ್ಮದಿಯಿಂದ ನಲ್ಲಿಗೆ ಬಾಯಿಟ್ಟರು.

ನಿನ್ನೆಯಿಂದ ಮಕ್ಕಳು ಸಾಲಾಗಿ ಮಲಗಿದ್ದರು. ಒಂದು ಪುಟ್ಟ ಹುಡುಗಿ ತೀವ್ರ ನಿಗಾ ಘಟಕದಲ್ಲಿದ್ದಳು.

"ಓಣಿಯವರು ಹೇಳೋದು ಇಷ್ಟೇ," ಎಂದರು ಇನ್ಸ್‌ಪೆಕ್ಟರ್. "ಈ ಹುಡುಗಿ ಬಿಸಿಲಿಗೆ ಬೇಜಾರಾಗಿ ಓಣಿಗೇ ಹೋಗಿಲ್ಲ. ಹಾಸ್ಟೆಲ್ಲಿನ ನಲ್ಲಿ ನೀರು ತುಂಬಿಸಿ ತಂದುಕೊಟ್ಟಿದಾಳೆ. ನಿಜವಾದ್ರೆ ಕಾಲೇಜಿಂದ ಹೊರಗೆ. ಆಮೇಲೆ ನಮ್ಮ ಕೇಸು."

"ನಾನು ಹೋಗಿದ್ದೆ ಮೇಡಂ," ಎಂದಳು ಇರುವೆ.

"ಆ ಬಣ್ಣ ಏನು ಹೇಳ್ತಿದೆ ಸರ್?" ಇನ್ಸ್‌ಪೆಕ್ಟರ್ ಪ್ರೊಫೆಸರರನ್ನು ಕೇಳಿದರು.

"ಕ್ಲೋರಿನ್ ಇದೆ ಅಂತ."

"ನಲ್ಲಿ ನೀರಲ್ಲಿ ಕ್ಲೋರಿನ್ ಇದ್ರೆ ಒಳ್ಳೇದೇ ಅಲ್ವಾ?"

"ನಲ್ಲೀಲಿ ಒಳ್ಳೇದು. ಈ ಬಾಟಲೀಲಿ ಇರೋ ಹಾಗಿಲ್ಲ." ಪ್ರೊಫೆಸರ್ ಒಂದು ಖಾಲಿ ಬಾಟಲಿ ತೆಗೆದು ಓರೆ ಮಾಡಿ ತೋರಿಸಿದರು. ತಳದಲ್ಲಿ ಕಣ್ಣಿಗೆ ಬಿದ್ದೂ ಬೀಳದಷ್ಟು ತೆಳ್ಳಗೆ ಏನೋ ಹೊಳೆಯಿತು. "ಇದು ಥಯೋಸಲ್ಫೇಟ್. ಎರಡು ತೊಟ್ಟು ನಾವೇ ಮೊದಲೇ ಹಾಕಿಟ್ಟಿರ್ತೀವಿ. ಕ್ಲೋರಿನ್ ಸಿಕ್ಕಿದ ಕೂಡಲೇ ನುಂಗಿಹಾಕುತ್ತೆ."

"ಯಾಕೆ ನುಂಗಬೇಕು?"

"ಇಲ್ಲದಿದ್ರೆ ದಾರಿಯುದ್ದಕ್ಕೂ ಕ್ಲೋರಿನ್ ರೋಗಾಣು ಕೊಲ್ತಾ ಬರುತ್ತೆ. ಇಲ್ಲಿ ನಾವು ನೋಡೋ ಹೊತ್ತಿಗೆ ನೀರು ಸುಳ್ಳು ಹೇಳುತ್ತೆ."

"ತೊಟ್ಟು ಹಾಕೋದು ಮರೆತಿದ್ರೆ?"

ಪ್ರೊಫೆಸರ್ ಅಂದು ಇರುವೆಗೆ ಬಾಟಲಿ ತೆಗೆದುಕೊಟ್ಟ ಟ್ರೇಯಲ್ಲೇ ಉಳಿದಿದ್ದ ಖಾಲಿ ಬಾಟಲಿಗಳಿಗೆ ಪ್ರಯೋಗಾಲಯದ ನಲ್ಲಿ ನೀರು ತುಂಬಿಸಿದರು. ಪುಡಿ ಹಾಕಿದರು. ಬಣ್ಣ ಬರಲಿಲ್ಲ. ನಲ್ಲಿಯ ನೀರನ್ನು ನೇರವಾಗಿ ನಳಿಕೆಗೆ ಹಿಡಿದರು. ತೀರ ತೆಳುವಾದ ಗುಲಾಬಿ.

"ಮರೆತಿಲ್ಲ," ಎಂದರು. "ಇರುವೆ, ತುಂಬಿಸೋ ಮುಂಚೆ ಬಾಟಲಿ ತೊಳೆದೆಯಾ?"

"ಇಲ್ಲ ಸರ್. ಮೊದಲ ದಿನವೇ ತೊಳೆದು ನಿಮ್ಮ ಹತ್ರ ಮಂಗಳಾರತಿ ಮಾಡಿಸ್ಕೊಂಡಿದ್ದೆ."

ಜಿರಾಫೆಗೆ ನಗು ಬಂತು. ಇನ್ಸ್‌ಪೆಕ್ಟರ್ ಅವನ ಕಡೆ ನೋಡಿದರು. ನಗು ಹೋಯಿತು.

"ತೊಳೆದಿದ್ರೂ ಇಷ್ಟು ಬಣ್ಣ ಬರಲ್ಲ," ಎಂದರು ಪ್ರೊಫೆಸರ್. "ಆ ಓಣಿ ಪೈಪಿನ ಬಾಲ. ಅಲ್ಲಿಗೆ ಮುಟ್ಟೋ ಹೊತ್ತಿಗೆ ಕ್ಲೋರಿನ್ ಹೆಸರಿಗೂ ಇರಲ್ಲ. ಇದು ಓಣಿ ನೀರಲ್ಲ. ಯಾರೋ ಬಾಟಲಿ ಖಾಲಿ ಮಾಡಿದಾರೆ. ನೀರಿನ ಜೊತೆ ತೊಟ್ಟೂ ಚೆಲ್ಲಿಹೋಗಿದೆ. ಆಮೇಲೆ ಬೇರೆ ನೀರು ತುಂಬಿದಾರೆ."

"ಮುಚ್ಚಳಕ್ಕೆ ಸೀಲ್ ಇಲ್ವಾ?"

"ಇದು ಮತಪೆಟ್ಟಿಗೆ ಅಲ್ಲ ಮೇಡಂ. ನಮ್ಮ ಹುಡುಗರನ್ನ ನಾವು ನಂಬ್ತೀವಿ."

ಅಷ್ಟು ಹೇಳಿ ಅವರು ಫೋನು ಹಿಡಿದು ಹೊರಗೆ ಓಡಿದರು. ಓಣಿಯಲ್ಲಿ ಮತ್ತೆ ಸಾರಬೇಕಿತ್ತು: ಕುದಿಸದೆ ಒಂದು ಹನಿಯೂ ಬೇಡ.

*

ಮೊದಲು ಸಿಕ್ಕಿಬಿದ್ದವನು ಜಿರಾಫೆ.

ನೀರು ತಂದ ದಿನ ಡಬ್ಬವನ್ನು ಇರುವೆಯಿಂದ ತೆಗೆದುಕೊಂಡವನು ಅವನು. ಫ್ರಿಜ್ಜಿನ ಕೀಲಿ ಅವನಲ್ಲಿತ್ತು. ಅಂದು ಅವಳ ಜೊತೆ ಓಣಿಗೆ ಹೋಗಬೇಕಾಗಿದ್ದವನೂ ಅವನೇ. ಹೋಗಿರಲಿಲ್ಲ.

"ಎಲ್ಲಿದ್ದೆ?" ಇನ್ಸ್‌ಪೆಕ್ಟರ್ ಕೇಳಿದರು. ಕಾರಿಡಾರಿನ ಬೆಂಚಿನ ಮೇಲೆ ಅವನ ಮೊಣಕಾಲು ಎದೆಗೆ ತಾಗುತ್ತಿತ್ತು.

"ತಲೆನೋವಿತ್ತು ಮೇಡಂ."

"ಎಷ್ಟು ಗಂಟೆಯ ಸಿನಿಮಾ ಶೋನ ತಲೆನೋವು?"

ಅವನು ತಲೆ ತಗ್ಗಿಸಿದ. "ಮಧ್ಯಾಹ್ನದ್ದು. ಮುಗಿಸಿ ಸೀದಾ ಲ್ಯಾಬಿಗೆ ಬಂದೆ. ಡಬ್ಬ ತಗೊಂಡು ಫ್ರಿಜ್ಜಿಗೆ ಇಟ್ಟೆ. ಅಷ್ಟೇ."

"ಬೆವರ್ತಿದೀಯ."

"ಸರ್‌ಗೆ ಹೇಳಬೇಡಿ ಮೇಡಂ. ಸ್ಯಾಂಪಲ್ ಫ್ರಿಜ್ಜಲ್ಲಿ ನನ್ನ ಜ್ಯೂಸ್ ಬಾಟಲಿ ಇಡ್ತೀನಿ. ಗೊತ್ತಾದ್ರೆ ನನ್ನ ಕಥೆ ಮುಗೀತು."

"ಅಂದೂ ಇಟ್ಟಿದ್ದೆಯಾ?"

"ಅಂದು ಜ್ಯೂಸ್ ಬಿಸಿಯಾಗಿತ್ತು. ಡಬ್ಬದಿಂದ ಎರಡು ಐಸ್ ತುಂಡು ತೆಗೆದು ಹಾಕ್ಕೊಂಡೆ."

"ರೋಗಾಣು ಇರೋ ಡಬ್ಬದಿಂದ?"

"ಆಮೇಲೆ ಹೊಳೀತು. ಎರಡು ದಿನ ಹೆದರಿ ಹೊಟ್ಟೆ ಹಿಡ್ಕೊಂಡೇ ಓಡಾಡಿದೆ. ಏನೂ ಆಗಲಿಲ್ಲ."

ಇನ್ಸ್‌ಪೆಕ್ಟರ್ ಅವನನ್ನು ಕಳಿಸಿಬಿಟ್ಟರು. ಕೀಲಿ ಅವನದಿರಬಹುದು. ಆದರೆ ಲ್ಯಾಬಿನ ನಲ್ಲಿಯ ಬಣ್ಣ ತೀರ ತೆಳು. ಬಾಟಲಿಯದು ಗಾಢ. ಫ್ರಿಜ್ಜಿನಲ್ಲಿ ಇಷ್ಟು ದಿನ ಕೂತು ಕ್ಲೋರಿನ್ ಕಡಿಮೆಯಾಗಿಯೂ ಅಷ್ಟು ಗಾಢ. ಇಲ್ಲಿ ತುಂಬಿಸಿದ್ದಲ್ಲ.

ಹಾಸ್ಟೆಲ್ಲಿಗೆ ಹೋದರು. ಪ್ರೊಫೆಸರ್ ಅಲ್ಲಿನ ನಲ್ಲಿಗಳ ನೀರಿಗೂ ಪುಡಿ ಹಾಕಿದರು. ಬಣ್ಣವೇ ಇಲ್ಲ. ಹಾಸ್ಟೆಲ್ಲಿಗೆ ಬರುತ್ತಿದ್ದದ್ದು ಸ್ವಂತ ಕೊಳವೆಬಾವಿಯ ನೀರು.

"ಅಂದ್ರೆ ಅರ್ಧ ದೂರು ಬಿದ್ದುಹೋಯ್ತು," ಎಂದರು ಇನ್ಸ್‌ಪೆಕ್ಟರ್.

ಇನ್ನರ್ಧ ಆಸ್ಪತ್ರೆಯಲ್ಲಿ ಬಿತ್ತು. ನಿಗಾ ಘಟಕದ ಹೊರಗೆ, ನೆಲದ ಮೇಲೆ, ಆ ಪುಟ್ಟ ಹುಡುಗಿಯ ಅಜ್ಜಿ ಕೂತಿದ್ದರು. ಇರುವೆ ಅವರ ಮುಂದೆ ಬರಲು ಹೆದರಿ ಕಂಬದ ಹಿಂದೆ ನಿಂತಳು. ಅಜ್ಜಿ ನೋಡಿಬಿಟ್ಟರು.

"ಬಾರೇ ಇಲ್ಲಿ. ನೀನೇ ಅಲ್ವಾ ನಮ್ಮ ನಲ್ಲಿ ಬಾಯಿಗೆ ಬೆಂಕಿ ಹಿಡಿದದ್ದು?"

"ಹೌದು ಅಜ್ಜಿ. ಹೊರಗಿನ ರೋಗಾಣು ಸೇರಬಾರದು ಅಂತ."

"ನಲ್ಲಿ ಕಪ್ಪಾಯ್ತು ಅಂತ ಬೈದೆ ನಾನು. ಹಲ್ಲು ಕಿರಿದು ಹೋದಳು ಮೇಡಂ ಇವಳು." ಅಜ್ಜಿಯ ದನಿ ಏರಿತು. "ಬಂದಿಲ್ಲ ಅಂತ ಹೇಳ್ತಿರೋರು ಆ ಹೊತ್ತಲ್ಲಿ ಮನೇಲೇ ಇರಲಿಲ್ಲ. ಬಂದಿದ್ದಳು. ಆದ್ರೆ ನೀರು ಚೆನ್ನಾಗಿದೆ ಅಂದೋರೂ ನೀವೇ. ನಾನೇ ಕೈಯಾರೆ ಲೋಟಕ್ಕೆ ಹಿಡಿದು ಮಗೂಗೆ ಕುಡಿಸಿದೆ. ಬೆಳಿಗ್ಗೆಯಿಂದ ಒಂದು ಹನಿ ಉಚ್ಚೆ ಹೊಯ್ದಿಲ್ಲ ನನ್ನ ಕೂಸು."

ಮೂತ್ರ ನಿಂತರೆ ಏನರ್ಥ ಎಂದು ಇರುವೆಗೆ ಪಾಠದಿಂದ ಗೊತ್ತಿತ್ತು. ದೇಹದಲ್ಲಿ ನೀರು ಬತ್ತಿ ಮೂತ್ರಪಿಂಡ ಕೈಚೆಲ್ಲುತ್ತಿದೆ.

*

ಜೀಪು ಆಸ್ಪತ್ರೆಯ ಗೇಟು ದಾಟಿತು. ಹಿಂದಿನ ಸೀಟಿನಲ್ಲಿ ಇರುವೆ, ಅವಳ ಪಕ್ಕ ಪರೀಕ್ಷೆಯ ಪೆಟ್ಟಿಗೆ ಹಿಡಿದ ಪ್ರೊಫೆಸರ್.

"ಓಣಿಗೆ ಹೋಗಿದ್ದೆ. ನೀರು ಹಿಡಿದೆ. ಆಮೇಲೆ?" ಇನ್ಸ್‌ಪೆಕ್ಟರ್ ಹಿಂದೆ ತಿರುಗದೆ ಕೇಳಿದರು.

"ಬಸ್ಸು ಹತ್ತಿ ಲ್ಯಾಬಿಗೆ ಬಂದೆ."

"ಸೀದಾ?"

"ಸೀದಾ."

"ಸರ್, ನಿಮ್ಮ ಡಬ್ಬದಲ್ಲಿ ಯಾವ ಐಸ್ ಇಡ್ತೀರಿ?"

"ಐಸ್ ಅಲ್ಲ. ನೀಲಿ ಪ್ಲಾಸ್ಟಿಕ್ ಪ್ಯಾಕ್. ಚಪ್ಪಟೆಯಾಗಿ ಪುಸ್ತಕದ ಹಾಗಿರುತ್ತೆ."

"ಅದನ್ನ ಮುರಿದು ಜ್ಯೂಸಿಗೆ ಹಾಕ್ಕೊಳ್ಳೋಕಾಗುತ್ತಾ?"

"ಏನು?"

"ಜಿರಾಫೆ ಡಬ್ಬದಿಂದ ಐಸ್ ತುಂಡು ತೆಗೆದನಂತೆ. ದಾರೀಲಿ ಯಾವುದೋ ಮನೆ ಫ್ರೀಜರ್ ತೆರೆದಿದೆ. ಯಾರ ಮನೆಯಮ್ಮಾ ಅದು?"

ಇರುವೆಯ ಮುಖ ಬಿಳಿಚಿತು. ಪ್ರೊಫೆಸರ್ ಅವಳತ್ತ ತಿರುಗಿದರು. ಅವರ ಕಣ್ಣಲ್ಲಿದ್ದದ್ದು ಕೋಪವಲ್ಲ. ಅದನ್ನು ನೋಡುವುದು ಅವಳಿಗೆ ಇನ್ನೂ ಕಷ್ಟವಾಯಿತು.

"ಅಕ್ಕನ ಮನೆ," ಎಂದಳು. "ದಾರೀಲೇ ಬರುತ್ತೆ. ಹೊಟ್ಟೆ ಹಸಿದಿತ್ತು. ಡಬ್ಬ ಹೊತ್ತವರು ಎಲ್ಲೂ ನಿಲ್ಲಬಾರದು ಅಂತ ಸರ್ ಹೇಳಿದ್ರು. ಅದಕ್ಕೇ ಮುಚ್ಚಿಟ್ಟೆ. ಊಟ ಮಾಡಿ, ಅಕ್ಕನ ಪಾಪೂನ ಮಲಗಿಸಿ ಬಂದೆ. ಅಷ್ಟೇ ಸರ್, ಆಣೆ."

"ಡಬ್ಬ ಎಲ್ಲಿತ್ತು?"

"ಬಾಗಿಲ ಹತ್ರ ಇಟ್ಟಿದ್ದೆ. ಭಾವ ಊಟಕ್ಕೆ ಬಂದವರು, ಬಿಸಿಲು ಬೀಳ್ತಿದೆ ಅಂತ ಒಳಗೆ ಇಟ್ರು. ಪ್ಯಾಕ್ ಕರಗಿದೆ, ನಮ್ಮನೆ ಐಸ್ ಹಾಕಿಕೊಡ್ತೀನಿ ಅಂದ್ರು."

"ಭಾವ ಏನು ಮಾಡ್ಕೊಂಡಿದಾರೆ?"

ಆ ಪ್ರಶ್ನೆ ಇರುವೆಗೆ ಈವರೆಗೆ ಹೊಳೆದೇ ಇರಲಿಲ್ಲ ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು.

"ನೀರು ಸರಬರಾಜು ಘಟಕದಲ್ಲಿ ಕೆಮಿಸ್ಟ್," ಎಂದಳು. ಮರುಕ್ಷಣವೇ ಸೇರಿಸಿದಳು: "ನನಗೆ ಕೆಮಿಸ್ಟ್ರಿ ಹೇಳಿಕೊಟ್ಟೋರೇ ಅವರು ಮೇಡಂ. ಅವರು ಅಂಥೋರಲ್ಲ."

*

ಘಟಕದ ಗೋಡೆಗೆ ಅಂಟಿಕೊಂಡೇ ಸಿಬ್ಬಂದಿಯ ಮನೆಗಳ ಸಾಲು. ಪಂಪುಗಳ ಗುಂಯ್‌ಗುಡುವಿಕೆ ಮನೆಯೊಳಗೂ ಕೇಳುತ್ತಿತ್ತು. ಅಕ್ಕ ಬಾಗಿಲು ತೆರೆದಳು. ಹೆಗಲ ಮೇಲೆ ಅರೆನಿದ್ದೆಯ ಮಗು. ಖಾಕಿ ಕಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಏನಾಯ್ತೇ?"

"ಏನಿಲ್ಲ ಅಕ್ಕ," ಎಂದಳು ಇರುವೆ. ದನಿಯೇ ಬೇರೆ ಹೇಳುತ್ತಿತ್ತು.

"ಒಂದು ಲೋಟ ನೀರು ಸಿಗುತ್ತಾ?" ಎಂದರು ಇನ್ಸ್‌ಪೆಕ್ಟರ್.

ಅಕ್ಕ ಅಡುಗೆಮನೆಗೆ ಹೋದಳು. ಎಲ್ಲರೂ ಹಿಂದೆ ಹೋದರು. ಸಣ್ಣ ಜಾಗ. ಸಿಂಕಿನ ಮೇಲೆ ನಲ್ಲಿ. ಪಕ್ಕದ ಗೋಡೆಯಲ್ಲಿ ಫಿಲ್ಟರ್. ಅಕ್ಕ ಫಿಲ್ಟರಿನಿಂದ ನೀರು ಹಿಡಿದು ಕೊಟ್ಟಳು.

"ನಲ್ಲಿ ನೀರು ಕುಡಿಯಲ್ವಾ?"

"ಘಾಟು ವಾಸನೆ ಮೇಡಂ. ಪಕ್ಕದಲ್ಲೇ ಕ್ಲೋರಿನ್ ಹಾಕ್ತಾರಲ್ಲ. ಬಾಯಿಗಿಡೋಕಾಗಲ್ಲ."

ಇನ್ಸ್‌ಪೆಕ್ಟರ್ ನೀರು ಕುಡಿದು ಲೋಟ ಕೆಳಗಿಟ್ಟರು. "ನಿಮ್ಮ ತಂಗಿ ಮೇಲೆ ಕೇಸಾಗ್ತಿದೆ. ಅವಳು ತಂದ ನೀರನ್ನ ಯಾರೋ ಬದಲಾಯಿಸಿದಾರೆ. ಈ ಮನೇಲಿ."

ಅಕ್ಕ ಮಗುವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದಳು. ತಂಗಿಯ ಮುಖ ನೋಡಲಿಲ್ಲ.

"ನಾನೇ ಮಾಡಿದ್ದು," ಎಂದಳು.

"ಅಕ್ಕಾ!"

"ನೀನು ಸುಮ್ಮನಿರು. ಬಾಟಲಿ ನೀರು ಬಗ್ಗಡವಾಗಿತ್ತು ಮೇಡಂ. ಇವಳು ಬೈಸಿಕೊಳ್ತಾಳೆ ಅಂತ ಚೆಲ್ಲಿ ಬೇರೆ ತುಂಬಿಸಿದೆ. ನನಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು?"

"ಯಾವ ನೀರು ತುಂಬಿಸಿದ್ರಿ?"

"ಇದೇ." ಅಕ್ಕ ಫಿಲ್ಟರ್ ತೋರಿಸಿದಳು. "ಚೆನ್ನಾಗಿರೋ ನೀರು ಅಂದ್ರೆ ನಮ್ಮನೇಲಿ ಇದೇ ತಾನೇ?"

ಇನ್ಸ್‌ಪೆಕ್ಟರ್ ಪ್ರೊಫೆಸರರತ್ತ ನೋಡಿದರು. ಅವರು ಪೆಟ್ಟಿಗೆ ಬಿಚ್ಚಿ ಎರಡು ನಳಿಕೆ ತೆಗೆದರು. ಒಂದಕ್ಕೆ ಫಿಲ್ಟರ್ ನೀರು, ಇನ್ನೊಂದಕ್ಕೆ ನಲ್ಲಿ ನೀರು. ಎರಡಕ್ಕೂ ಪುಡಿ. ಫಿಲ್ಟರಿನದು ಹಾಗೇ ಉಳಿಯಿತು. ನಲ್ಲಿಯದು ಕಡುಗುಲಾಬಿಯಾಯಿತು. ಇಡೀ ದಿನ ನೋಡಿದ ಯಾವ ನಲ್ಲಿಯಲ್ಲೂ ಅಷ್ಟು ಬಣ್ಣ ಬಂದಿರಲಿಲ್ಲ.

ಹೊರಗೆ ಸೈಕಲ್ ನಿಂತ ಸದ್ದಾಯಿತು. ಭಾವ ಒಳಗೆ ಬಂದರು. ತೆಳ್ಳಗಿನ ಮನುಷ್ಯ. ಅಂಗಿಯ ಜೇಬಿನ ಮೇಲೆ ಯಾವುದೋ ದ್ರಾವಣದ ಹಳೆಯ ಕಲೆ.

"ಏನೇ ನಾದಿನಿ, ಊಟಕ್ಕೆ ಈ ಸಲ ಸ್ಟೇಷನ್ನನ್ನೇ ಕರ್ಕೊಂಡು ಬಂದೆಯಾ?" ನಗಲು ನೋಡಿದರು. ಯಾರೂ ನಗಲಿಲ್ಲ.

"ಒಳ್ಳೇ ಹೊತ್ತಿಗೆ ಬಂದ್ರಿ," ಎಂದರು ಇನ್ಸ್‌ಪೆಕ್ಟರ್. "ಒಂದು ಅನುಮಾನ. ರೋಗಾಣು ಇಲ್ಲದ ನೀರು ಬೇಕು ಅಂದ್ರೆ ಈ ಮನೇಲಿ ಎಲ್ಲಿಂದ ಹಿಡೀಬೇಕು? ಇವರು ಫಿಲ್ಟರ್ ಅಂತಿದಾರೆ."

"ರೀ, ನೀವು ಮಾತಾಡಬೇಡಿ," ಎಂದಳು ಅಕ್ಕ.

ಆದರೆ ಅವರ ಬಾಯಿಂದ ಉತ್ತರ ಆಗಲೇ ಹೊರಟಿತ್ತು. ವರ್ಷಗಟ್ಟಲೆ ಒಂದೇ ಕೆಲಸ ಮಾಡಿದ ಮನುಷ್ಯನ ಉತ್ತರ ಅದು. "ಫಿಲ್ಟರಾ? ಅದರ ಇದ್ದಿಲು ಕ್ಲೋರಿನ್ನೆಲ್ಲ ಹೀರಿಬಿಡುತ್ತೆ. ಆಮೇಲೆ ರೋಗಾಣು ಎಲ್ಲಾದ್ರೂ ಬೆಳೀಬಹುದು. ನಂಬೋ ಹಾಗಿಲ್ಲ. ನೇರ ನಲ್ಲಿ ನೀರು ಹಿಡೀಬೇಕು."

ಹೇಳಿದ ಮೇಲೆ ಅವರ ಕಣ್ಣು ಕಟ್ಟೆಯ ಮೇಲಿನ ನಳಿಕೆಗಳ ಮೇಲೆ ಬಿತ್ತು. ಒಂದಕ್ಕೆ ಬಣ್ಣವೇ ಇಲ್ಲ. ಒಂದು ಕಡುಗುಲಾಬಿ.

"ಬಾಟಲಿಯಲ್ಲಿ ಇದ್ದದ್ದು ಇದೇ," ಎಂದರು ಇನ್ಸ್‌ಪೆಕ್ಟರ್, ಬಣ್ಣದ ನಳಿಕೆ ಎತ್ತಿ. "ನಿಮ್ಮ ಹೆಂಡತಿ ತುಂಬಿಸಿದ್ರೆ ಫಿಲ್ಟರ್ ನೀರಿರ್ತಿತ್ತು. ಬಣ್ಣ ಬರ್ತಿರಲಿಲ್ಲ, ನಾವೂ ಇಲ್ಲಿ ತನಕ ಬರ್ತಿರಲಿಲ್ಲ. ನಿಮ್ಮ ನಾದಿನಿ ಹಾಸ್ಟೆಲ್ಲಲ್ಲಿ ತುಂಬಿಸಿದ್ರೂ ಅಷ್ಟೇ. ಲ್ಯಾಬಲ್ಲಿ ತುಂಬಿಸಿದ್ರೆ ಇಷ್ಟು ಗಾಢ ಆಗ್ತಿರಲಿಲ್ಲ. ಇಷ್ಟು ಕ್ಲೋರಿನ್ ಸಿಗೋದು ಘಟಕದ ಪಕ್ಕ ಮಾತ್ರ. ಶುದ್ಧ ಅಂದ್ರೆ ಕ್ಲೋರಿನ್ ಅನ್ನೋ ಮನುಷ್ಯ ಈ ಮನೇಲಿ ಯಾರಿದಾರೆ?"

"ರೋಗಾಣು ಪರೀಕ್ಷೆಯ ಬಾಟಲಿ ಬೇರೆ, ತಳದಲ್ಲಿ ಕ್ಲೋರಿನ್ ನುಂಗೋ ತೊಟ್ಟು ಇರುತ್ತೆ ಅಂತ ನಿಮಗೆ ಗೊತ್ತಿರಲಿಲ್ಲ ಅಲ್ವಾ?" ಪ್ರೊಫೆಸರ್ ಮೆಲ್ಲಗೆ ಕೇಳಿದರು.

ಭಾವ ಮೂಲೆಯ ಸ್ಟೂಲಿನ ಮೇಲೆ ಕುಸಿದರು.

"ನಮ್ಮಲ್ಲಿ ಬರೀ ಕ್ಲೋರಿನ್, ಗಡಸುತನ, ಉಪ್ಪು ನೋಡ್ತೀವಿ. ರೋಗಾಣು ನಿಮ್ಮ ಕಡೆಗೇ ಬರೋದು." ದನಿ ನೆಲಕ್ಕೆ ಹೇಳಿದಂತಿತ್ತು. "ಮೊದಲ ವರದಿ ಬಂದಾಗ ನನ್ನ ಮೇಲೆ ನೋಟಿಸು ಬಂತು. ಇನ್ನೊಂದು ಸಲ ಹಾಗೇ ಬಂದ್ರೆ ಮನೆಗೆ ಹೋಗಿ ಅಂದ್ರು. ನಾನು ಕ್ಲೋರಿನ್ ಡೋಸ್ ಏರಿಸಿದ್ದೆ. ನಿಮ್ಮ ಫಲಿತಾಂಶ ಬರೋ ಹೊತ್ತಿಗೆ ಓಣಿ ನೀರು ನಿಜವಾಗ್ಲೂ ಸರಿಯಾಗಿರುತ್ತೆ ಅನ್ಕೊಂಡೆ. ಎರಡು ದಿನ ಮುಂಚಿತವಾಗಿ ನಿಜ ಹೇಳ್ತಿದೀನಿ, ಅಷ್ಟೇ ಅನ್ಕೊಂಡೆ."

"ಸರಿಯಾಗಲ್ಲ," ಎಂದರು ಪ್ರೊಫೆಸರ್. "ಓಣಿ ಹತ್ರ ಪೈಪು ಒಡೆದು ಚರಂಡಿ ಸೇರ್ತಿರಬೇಕು. ನೀವು ಇಲ್ಲಿ ಎಷ್ಟು ಕ್ಲೋರಿನ್ ಸುರಿದ್ರೂ ಅಲ್ಲಿಗೆ ಮುಟ್ಟಲ್ಲ. ಆ ವರದಿ ಕೆಟ್ಟದಾಗಿ ಬಂದಿದ್ರೆ ಇಷ್ಟು ಹೊತ್ತಿಗೆ ನೆಲ ಅಗೆದಿರ್ತಿದ್ರು."

ಇರುವೆ ಗೋಡೆಗೆ ಒರಗಿದ್ದಳು. "ನಾನು ಪಾಪೂಗೆ ಜೋಗುಳ ಹಾಡ್ತಿದ್ದೆ ಭಾವ," ಎಂದಳು. "ಆಗ ಮಾಡಿದ್ರಾ?"

"ನಾನು ನೋಡಿದೆ," ಎಂದಳು ಅಕ್ಕ. "ಬಾಟಲಿ ನೀರನ್ನ ಸಿಂಕಿಗೆ ಸುರೀತಿದ್ರು. ಏನು ಅಂದೆ. ಬಾಟಲಿ ಕೊಳೆಯಾಗಿದೆ, ಸಹಾಯ ಮಾಡ್ತಿದೀನಿ ಅಂದ್ರು. ಮಕ್ಕಳ ಸುದ್ದಿ ನಿನ್ನೆ ಕೇಳಿದ ಮೇಲೆ ಅರ್ಥವಾಯ್ತು. ರಾತ್ರಿಯಿಡೀ ಕೂತಿದ್ದೆ."

ಜೀಪು ಓಡಿಸಿಕೊಂಡು ಬಂದಿದ್ದ ಕಾನ್‌ಸ್ಟೇಬಲ್ ಭಾವನ ತೋಳು ಹಿಡಿದ. ಅವರು ಎದ್ದು, ಚಪ್ಪಲಿ ಮೆಟ್ಟಿ, ಎಡಬಲ ತಪ್ಪಿದ್ದು ನೋಡಿ ಮತ್ತೆ ಸರಿಯಾಗಿ ಮೆಟ್ಟಿಕೊಂಡು ಹೊರಗೆ ನಡೆದರು.

*

ಪ್ರೊಫೆಸರರ ಫೋನು ಅಂಗಳದಲ್ಲಿ ಸದ್ದು ಮಾಡಿತು. ಕಿವಿಗಿಟ್ಟವರು ಒಮ್ಮೆಲೇ ಕೂಗಿದರು.

"ಮೂತ್ರ ಬಂತಂತೆ! ಇರುವೆ, ಆ ಮಗೂಗೆ ಮೂತ್ರ ಬಂತಂತೆ! ಹಾಸಿಗೆ ಒದ್ದೆಯಾದದ್ದಕ್ಕೆ ಅಜ್ಜಿ ಇಡೀ ವಾರ್ಡನ್ನು ಎಬ್ಬಿಸಿಬಿಟ್ಟಿದಾರೆ."

ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿದರು. ಇಂಥ ಸುದ್ದಿಗೆ ಹೀಗೆ ಕುಣಿಯುವ ಮನುಷ್ಯನನ್ನು ಅವರು ಕಂಡಿರಲಿಲ್ಲ. ಇರುವೆ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡಳು.

ಇನ್ಸ್‌ಪೆಕ್ಟರ್ ಅವಳ ಪಕ್ಕ ಬಂದು ನಿಂತರು. "ನಿನ್ನ ಮೇಲಿನ ದೂರು ನಿಲ್ಲಲ್ಲ. ಆದ್ರೆ ಒಂದು ವಿಷಯ. ಡಬ್ಬ ಈ ಮನೇಲಿತ್ತು, ನಿನ್ನ ಭಾವ ಅದನ್ನ ಒಳಗೆ ತಗೊಂಡು ಹೋದ್ರು. ಇದನ್ನ ಹೇಳೋಕೆ ನೀನೊಬ್ಬಳೇ ಇರೋದು. ಹೆಂಡತಿ ಮಾತು ನಾಳೆ ಬದಲಾಗಬಹುದು. ಹೇಳಿಕೆ ಕೊಡ್ತೀಯಾ?"

ಇರುವೆ ಹಿಂದೆ ತಿರುಗಿದಳು. ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಮಗು ಅಳುತ್ತಿತ್ತು. ತನ್ನ ಹೆಸರು ಉಳಿಯಬೇಕಾದರೆ ಈ ಮನೆಯ ಮೇಲೆ ತಾನೇ ಬರೆದುಕೊಡಬೇಕು. ಬರೆಯದಿದ್ದರೆ ನಾಳೆ ಯಾವ ಓಣಿಯ ಯಾವ ಅಜ್ಜಿಯೂ ತಾನು ತಂದ ಫಲಿತಾಂಶವನ್ನು ನಂಬಿ ಲೋಟ ಹಿಡಿಯಬಾರದು.

"ಕೊಡ್ತೀನಿ," ಎಂದಳು. ಎದ್ದಳು. ಬಾಗಿಲು ತಟ್ಟಲು ಕೈ ಎತ್ತಿ ಹಾಗೇ ನಿಂತಳು.

ಇನ್ಸ್‌ಪೆಕ್ಟರ್ ಜೀಪಿನಲ್ಲಿ ಕೂತು ಕಾದರು. ಹಾರ್ನ್ ಒತ್ತಲಿಲ್ಲ.

ಬಾಗಿಲು ತಾನೇ ತೆರೆಯಿತು. ಅಕ್ಕನ ಕಣ್ಣು ಕೆಂಪಗಿತ್ತು. ಒಂದು ಕ್ಷಣ ತಂಗಿಯನ್ನು ನೋಡಿದಳು. ಆಮೇಲೆ ಅಳುತ್ತಿದ್ದ ಮಗುವನ್ನು ಅವಳ ತೋಳಿಗೆ ಕೊಟ್ಟಳು.

"ಹಿಡ್ಕೋ ಇವಳನ್ನ. ಬಟ್ಟೆ ಬದಲಾಯಿಸಿ ಬರ್ತೀನಿ. ನಾನೂ ಬರಬೇಕಲ್ಲ, ಪೊಲೀಸರ ಮುಂದೆ ಸುಳ್ಳು ಹೇಳಿದೀನಿ."